ಬಾಪೂಜಿನಗರದಿಂದ ಮಾರ್ಕೆಟ್ಟಿಗೆ ಯಾವ ದಾರಿ?

ಬೆಂಗಳೂರಿಗೆ ಮೊದಲ ಸಲ ಹೊರಟವರಿಗೆ ಊರಿನ ಹಿತೈಷಿಗಳು ಕೊಡುವ ಉಪದೇಶಗಳನ್ನೆಲ್ಲ ಒಟ್ಟು ಮಾಡಿದರೆ ಒಂದು ಸಣ್ಣ ಪುರಾಣವೇ ಆದೀತು. ಬಸ್ ನಿಲ್ದಾಣದ ಬಾಗಿಲಲ್ಲಿ ಕಾದು ನಿಂತ ಆಟೋ ಹತ್ತಬೇಡಿ, ರಸ್ತೆಗೆ ಬಂದು ಓಡುವ ಆಟೋ ಹಿಡಿಯಿರಿ. ಹೊಸಬರೆಂದು ತೋರಿಸಿಕೊಳ್ಳಬೇಡಿ. ವಿಳಾಸದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಡಿ. ಯಾರಾದರೂ ತಾವಾಗಿಯೇ ಮಾತಾಡಿಸಲು ಬಂದರೆ ಬಾಯಿ ಬಿಡಬೇಡಿ. ಕೊನೆಗೆ, ದನಿ ತಗ್ಗಿಸಿ, ‘ಆ ಏರಿಯಾ ಕಡೆಗೆ ಮಾತ್ರ ಹೋಗಬೇಡಿ’. ಆ ಏರಿಯಾ ಯಾವುದೆಂದು ಬಿಡಿಸಿ ಹೇಳುವ ಅಗತ್ಯ ಹೇಳುವವರಿಗೂ ಇಲ್ಲ, ಕೇಳುವವರಿಗೂ ಇಲ್ಲ.

ಈ ಉಪದೇಶಗಳಲ್ಲೆಲ್ಲ ಕೆಲಸ ಇರುವುದು ಪ್ರಯಾಣಿಕನೊಬ್ಬನಿಗೆ ಮಾತ್ರ. ಸಾರಿಗೆ ಇಲಾಖೆಗೆ ಏನೂ ಕೆಲಸವಿಲ್ಲ, ಪೊಲೀಸರಿಗಿಲ್ಲ, ಮಹಾನಗರದ ಆಡಳಿತಕ್ಕಿಲ್ಲ. ದಾರಿ ಗೊತ್ತಿಲ್ಲದಿರುವುದು ಅವನದೇ ಅಪರಾಧ, ಮೋಸ ಹೋಗದೆ ಉಳಿಯುವುದು ಅವನದೇ ಜಾಣ್ಮೆ. ಊರು ಗೊತ್ತಿಲ್ಲದವನಿಗೆ ಊರನ್ನು ತಿಳಿಸಿಕೊಡುವುದು ಬಸ್ಸು ಓಡಿಸುವಷ್ಟೇ ಸಾರ್ವಜನಿಕ ಕೆಲಸ ಎಂಬುದು ನನ್ನ ವಾದ. ಆ ಕೆಲಸವನ್ನು ಪ್ರಭುತ್ವ ಕೈಬಿಟ್ಟ ಜಾಗದಲ್ಲಿ ಇಂದು ಎರಡು ದಂಧೆಗಳು ಬೆಳೆದಿವೆ. ಒಂದು ಮೊಬೈಲ್ ಆ್ಯಪ್‌ನದು, ಇನ್ನೊಂದು ಗಾಳಿಮಾತಿನದು. ಎರಡಕ್ಕೂ ಬೆಲೆ ತೆರುತ್ತಿರುವವರು ಹೆಚ್ಚುಕಡಿಮೆ ಒಂದೇ ಜನ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಜಾಗವನ್ನೇ ಹಿಡಿದುಕೊಳ್ಳೋಣ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದ ಮಗ್ಗುಲಿಗಿರುವ ಬಡಾವಣೆ ಬಾಪೂಜಿನಗರ. ಮೂರನೇ ದರ್ಜೆಯ ರೈಲು ಡಬ್ಬಿಯಲ್ಲಿ ಊರೂರು ಸುತ್ತಿ, ಆ ಡಬ್ಬಿಗಳ ಕೊಳಕಿನ ಬಗ್ಗೆ, ಟಿಕೆಟ್ ಕೊಡುವವರ ದರ್ಪದ ಬಗ್ಗೆ 1917ರಲ್ಲಿ ಸಿಟ್ಟಿನಿಂದ ಬರೆದ ಮನುಷ್ಯನ ಹೆಸರು ಈ ಜಾಗಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಮಂಡ್ಯ, ಮೈಸೂರು, ಚಾಮರಾಜನಗರ, ಕೊಡಗು, ಅದರಾಚೆ ಕೇರಳದ ಕಡೆಯಿಂದ ಬರುವ ಬಸ್ಸುಗಳು ಇಲ್ಲಿ ನಿಲ್ಲುತ್ತವೆ. ರಾತ್ರಿ ಹೊರಟವು ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಬಂದು ಜನರನ್ನು ಇಳಿಸುತ್ತವೆ. ಇಳಿಯುವವರಲ್ಲಿ ಸಂದರ್ಶನಕ್ಕೆ ಬಂದ ಹುಡುಗನಿರುತ್ತಾನೆ, ಗಾರೆ ಕೆಲಸ ಹುಡುಕಿ ಬಂದವರಿರುತ್ತಾರೆ, ಮಗಳ ಮನೆಗೆ ಹೊರಟ ಮುದುಕಿ ಇರುತ್ತಾಳೆ. ಕಂಕುಳಲ್ಲಿ ಎಕ್ಸ್‌ರೇ ಕವರು ಅವುಚಿಕೊಂಡು ವಿಕ್ಟೋರಿಯಾಕ್ಕೋ ವಾಣಿವಿಲಾಸಕ್ಕೋ ಮಿಂಟೋ ಕಣ್ಣಾಸ್ಪತ್ರೆಗೋ ಹೊರಟವರು ಅವರಲ್ಲಿ ಸದಾ ಇರುತ್ತಾರೆ. ಈ ಮೂರೂ ಆಸ್ಪತ್ರೆಗಳಿರುವುದು ಕೆ.ಆರ್. ಮಾರುಕಟ್ಟೆಯ ಸುತ್ತಮುತ್ತ. ಸ್ಯಾಟಲೈಟ್‌ನಿಂದ ಅಲ್ಲಿಗೆ ಇರುವುದು ನಾಲ್ಕೈದು ಕಿಲೋಮೀಟರು, ಅದೂ ಮೈಸೂರು ರಸ್ತೆ ಹಿಡಿದರೆ ಹೆಚ್ಚುಕಡಿಮೆ ನೇರ ದಾರಿ.

2010 ಮತ್ತು 2015ರ ಪಾಲಿಕೆ ಚುನಾವಣೆಗಳ ವಾರ್ಡ್ ಪಟ್ಟಿಯನ್ನು ತೆಗೆದು ನೋಡಿ. 134 ಬಾಪೂಜಿನಗರ, 135 ಪಾದರಾಯನಪುರ, 136 ಜಗಜೀವನರಾಮ್ ನಗರ, ಆಮೇಲೆ ರಾಯಪುರ, ಛಲವಾದಿಪಾಳ್ಯ, 139 ಕೆ.ಆರ್. ಮಾರುಕಟ್ಟೆ. ಒಂದರ ಪಕ್ಕ ಒಂದು, ಕೈಕೈ ಹಿಡಿದು ಕೂತ ಮಕ್ಕಳ ಹಾಗೆ. ಮುಸ್ಲಿಮರು, ದಲಿತರು, ತಮಿಳು ಮತ್ತು ತೆಲುಗು ಮಾತಾಡುವ ಕೂಲಿಗಳು, ಹಳೆಯ ಕನ್ನಡ ಮನೆತನಗಳು ಒಂದೇ ನಲ್ಲಿಯ ನೀರು ಹಿಡಿದು ಬದುಕುವ ಭಾಗ ಇದು. ನಗರದ ನಡುಭಾಗಕ್ಕೆ ಇಷ್ಟು ಹತ್ತಿರವಿದ್ದೂ ಇಲ್ಲಿಂದ ಮಾರುಕಟ್ಟೆಗೆ ಹೋಗುವ ದಾರಿ ಹೊಸಬನಿಗೆ ಏಕೆ ಇಷ್ಟು ಕಗ್ಗಂಟು?

ಮೆಟ್ರೊ ಇದೆಯಲ್ಲ ಎನ್ನುತ್ತೀರಿ. ಇದೆ. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆ ನಿಲ್ದಾಣಗಳ ನಡುವೆ 2015ರ ನವೆಂಬರಿನಲ್ಲಿ ಓಡತೊಡಗಿದ ನೇರಳೆ ಮಾರ್ಗ 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಬೆಳೆಯಿತು. ಅದರಿಂದಾದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೀಪಾಂಜಲಿನಗರದಲ್ಲಿ ಮೆಟ್ರೊ ಹತ್ತಿದವನು ಮಾರುಕಟ್ಟೆ ತಲುಪಬೇಕಾದರೆ ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ, ರೈಲು ನಿಲ್ದಾಣ ಎಲ್ಲವನ್ನೂ ನೋಡಿಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿದು, ನೆಲದಡಿಯ ಆ ಪಾತಾಳಲೋಕದಲ್ಲಿ ಹಸಿರು ಮಾರ್ಗವನ್ನು ಹುಡುಕಿ, ಚಿಕ್ಕಪೇಟೆ ದಾಟಿ ಹೋಗಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದೆಂದರೆ ಇದೇ. ಪಾದರಾಯನಪುರ, ಜೆ.ಜೆ. ನಗರ, ಗೋರಿಪಾಳ್ಯಗಳನ್ನು ಬಳಸಿಕೊಂಡು ಹೋಗುವ ಈ ಬಿಲ್ಲಿನಾಕಾರದಲ್ಲಿ ಪಿತೂರಿ ಹುಡುಕುವ ಚಟ ನನಗಿಲ್ಲ. ರೈಲು ಮಾರ್ಗ ಹಾಕುವವರಿಗೆ ಅವರದೇ ಲೆಕ್ಕಗಳಿರುತ್ತವೆ. ಫಲಿತಾಂಶ ಮಾತ್ರ ಫಲಿತಾಂಶವೇ: ನೇರ ದಾರಿಯ ಜನಕ್ಕೆ ಮೆಟ್ರೊ ಇಲ್ಲ. ಮೇಲಾಗಿ 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಬೆಳಗಿನ ಜಾವ ನಾಲ್ಕಕ್ಕಂತೂ ಅದರ ಬಾಗಿಲು ತೆರೆದಿರುವುದೇ ಇಲ್ಲ.

ಬಸ್ಸು? ಬಿ.ಎಂ.ಟಿ.ಸಿ. ಬಸ್ಸುಗಳು ಮೈಸೂರು ರಸ್ತೆಯಲ್ಲಿ ಓಡಾಡುತ್ತವೆ. ಈ ನಗರದ ಬಡವರನ್ನು ಇವತ್ತಿಗೂ ಹೊತ್ತು ತಿರುಗುತ್ತಿರುವುದು ಅವೇ. ಆದರೆ ಬಸ್ಸಿನ ನಂಬರುಗಳನ್ನು ನೋಡಿ. 335-ಇ ಎಂದರೆ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ, 500-ಡಿ ಎಂದರೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಎಂಬುದು ಹಳಬನಿಗೆ ಬಾಯಿಪಾಠ, ಹೊಸಬನಿಗೆ ಬೀಜಗಣಿತ. ಅಂಕಿಯ ಹಿಂದೊಂದು ಅಕ್ಷರ, ಮುಂದೊಂದು ಅಕ್ಷರ. ಒಂದಕ್ಷರ ತಪ್ಪಿದರೆ ಬೇರೆಯದೇ ದಿಕ್ಕು. ಇದನ್ನು ವಿವರಿಸಿ ಹೇಳುವ ಫಲಕ ನಿಲ್ದಾಣದಲ್ಲಿರಬೇಕಿತ್ತು, ಈಗ ಅದು ಫೋನಿನೊಳಗೆ ಹೋಗಿ ಕೂತಿದೆ. ಹಾಗಾಗಿ ಹೊಸಬ ಕಂಡಕ್ಟರನ್ನು ಕೇಳುತ್ತಾನೆ. ಕಂಡಕ್ಟರ್ ಒಳ್ಳೆಯವನಾದರೆ ಊರು ಒಳ್ಳೆಯದು, ಸಿಡುಕನಾದರೆ ಊರೇ ಕೆಟ್ಟದು. ಒಬ್ಬ ನೌಕರನ ಆ ದಿನದ ಮನಸ್ಥಿತಿಯ ಮೇಲೆ ಮಹಾನಗರದ ಮರ್ಯಾದೆ ನಿಂತಿದೆ!

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಅನ್ಯಾಯ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿತು. ದುಡ್ಡಿನ ಲೆಕ್ಕಕ್ಕಿಂತ ದೊಡ್ಡ ಲಾಭವೊಂದು ಅದರಲ್ಲಿದೆ. ತಪ್ಪು ಬಸ್ಸು ಹತ್ತಿದರೆ ಟಿಕೆಟಿನ ದುಡ್ಡು ಹೋಯಿತಲ್ಲ ಎಂಬ ಭಯವಿಲ್ಲದೆ ಹೆಂಗಸೊಬ್ಬಳು ಊರನ್ನು ಕಲಿಯಬಹುದು. ಇಳಿದು ಇನ್ನೊಂದು ಹತ್ತಿದರಾಯಿತು. ಗಂಡನನ್ನೋ ಮಗನನ್ನೋ ಕಾಯದೆ ತಂಗಿಯ ಹೆರಿಗೆಗೆ ವಾಣಿವಿಲಾಸಕ್ಕೆ ಒಬ್ಬಳೇ ಬಂದು ಹೋಗುವ ಬುರ್ಖಾದ ಹೆಂಗಸರನ್ನೂ ಕುಂಕುಮದ ಹೆಂಗಸರನ್ನೂ ಒಂದೇ ಸೀಟಿನಲ್ಲಿ ನೋಡಬಹುದು. ಇದನ್ನು ಲೇವಡಿ ಮಾಡಿ ನಗುವವರು, ಬಸ್ಸಿನ ನೂಕುನುಗ್ಗಲಿಗೆ ಹೆಂಗಸರನ್ನು ಬೈಯುವವರು ಒಂದು ಪ್ರಶ್ನೆಗೆ ಉತ್ತರಿಸಲಿ: ಕೋಟಿ ಮೀರಿದ ಜನಸಂಖ್ಯೆಯ ಊರಿಗೆ ಏಳು ಸಾವಿರದ ಆಸುಪಾಸಿನ ಬಸ್ಸು ಸಾಲದು ಎಂಬುದು ಹೆಂಗಸರ ತಪ್ಪೇ?

ಇನ್ನುಳಿದದ್ದು ಆಟೋ, ಟ್ಯಾಕ್ಸಿ. ಸರ್ಕಾರಿ ದರ ಸ್ಪಷ್ಟವಾಗಿದೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋ ಮೀಟರು ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಸ್ಯಾಟಲೈಟ್‌ನಿಂದ ವಿಕ್ಟೋರಿಯಾಕ್ಕೆ ಐದು ಕಿಲೋಮೀಟರೆಂದೇ ಹಿಡಿಯಿರಿ: ಹಗಲಲ್ಲಿ 90 ರೂಪಾಯಿ, ಬೆಳಗಿನ ಜಾವದಲ್ಲಿ 135. ಟ್ಯಾಕ್ಸಿಗೂ 2024ರ ಜನವರಿಯಲ್ಲಿ ಸರ್ಕಾರ ಏಕರೂಪದ ದರ ಗೊತ್ತುಮಾಡಿತು. ಹತ್ತು ಲಕ್ಷದೊಳಗಿನ ಕಾರಾದರೆ ಮೊದಲ ನಾಲ್ಕು ಕಿಲೋಮೀಟರಿಗೆ 100, ಆಮೇಲೆ ಕಿಲೋಮೀಟರಿಗೆ 24. ಅಂದರೆ ಅದೇ ದೂರಕ್ಕೆ 124 ರೂಪಾಯಿ. ಈ ಲೆಕ್ಕ ನಮಗೆ ಪತ್ರಿಕೆಯಲ್ಲಿ ಸಿಗುತ್ತದೆ. ಬಸ್ಸಿಳಿದು ನಿಂತ, ನಿದ್ದೆಗಣ್ಣಿನ, ಜೇಬಲ್ಲಿ ಎಣಿಸಿಟ್ಟ ನೋಟುಗಳ ಆ ಮನುಷ್ಯನಿಗೆ ಇದನ್ನು ಹೇಳುವವರು ಯಾರು? ಅವನ ಕಿವಿಗೆ ಬೀಳುವ ದರ ಬೇರೆಯೇ. ಎಷ್ಟೆಂದು ಬರೆಯಲಾರೆ, ಏಕೆಂದರೆ ಅದು ಅವನ ಮುಖ ನೋಡಿ, ಚೀಲ ನೋಡಿ, ಆಸ್ಪತ್ರೆಯ ಕವರು ನೋಡಿ ಏರುತ್ತದೆ.

‘ಆ್ಯಪ್ ಹಾಕಿಕೊಳ್ಳಲಿ, ಈಗ ಯಾರ ಕೈಯಲ್ಲಿ ಮೊಬೈಲ್ ಇಲ್ಲ?’ ಎಂದು ಕೇಳುವುದು ಈಗಿನ ವಿದ್ಯಾವಂತರ ಜಾಯಮಾನ. ಫೋನು ಇರಬಹುದು ಸ್ವಾಮಿ. ಅದರಲ್ಲಿ ಚಾರ್ಜ್ ಇರಬೇಕು, ಡಾಟಾ ಇರಬೇಕು, ಒ.ಟಿ.ಪಿ. ಓದಲು ಬರಬೇಕು, ನಕಾಶೆಯ ಮೇಲೆ ಬೆರಳಿಟ್ಟು ‘ನಾನಿಲ್ಲಿದ್ದೇನೆ’ ಎಂದು ತೋರಿಸಲು ಬರಬೇಕು. ತಾನೆಲ್ಲಿದ್ದೇನೆಂದು ಗೊತ್ತಿಲ್ಲದ್ದಕ್ಕೇ ಅಲ್ಲವೇ ಅವನು ಕಂಗಾಲಾಗಿರುವುದು? ಇಷ್ಟೆಲ್ಲ ಬಂದ ಮೇಲೂ ಗಾಡಿ ಬಂದೇ ಬರುತ್ತದೆಂಬ ಭರವಸೆಯಿಲ್ಲ. ಸವಾರಿ ಸಿಗುವ ಮೊದಲೇ ಭಕ್ಷೀಸು ಒಪ್ಪಿಕೊಳ್ಳುವಂತೆ ಪ್ರಯಾಣಿಕರನ್ನು ಪುಸಲಾಯಿಸುವ ಪದ್ಧತಿಯ ಬಗ್ಗೆ 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟಿಸು ಕೊಡಬೇಕಾಗಿ ಬಂತು. ಹಿಂದೆ ನಿಲ್ದಾಣದ ಬಾಗಿಲಲ್ಲಿ ನಡೆಯುತ್ತಿದ್ದ ಚೌಕಾಸಿಯೇ ಈಗ ಗಾಜಿನ ಪರದೆಯ ಹಿಂದೆ ನಡೆಯುತ್ತಿದೆ. ವ್ಯತ್ಯಾಸವೆಂದರೆ, ಬಾಗಿಲಲ್ಲಿ ನಿಂತವನ ಜೊತೆ ಜಗಳವಾದರೂ ಆಡಬಹುದಿತ್ತು.

ಆ್ಯಪ್ ತಂದ ಇನ್ನೊಂದು ಬದಲಾವಣೆಯ ಬಗ್ಗೆ ನಮ್ಮಲ್ಲಿ ಮಾತೇ ಆಗುತ್ತಿಲ್ಲ. ಗಾಡಿ ಬರುವ ಮೊದಲೇ ಹೆಸರು ಬರುತ್ತದೆ. ಹಿಂದೆ ಆಟೋ ಹತ್ತಿದ ಮೇಲೆ, ಸೀಟಿನ ಹಿಂದೆ ತೂಗುಹಾಕಿದ ಕಾರ್ಡನ್ನು ಓದಿದರೆ ಮಾತ್ರ ಚಾಲಕ ರಾಜಣ್ಣನೋ ರಹೀಮನೋ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಗಾಡಿ ಅರ್ಧ ದಾರಿ ಸಾಗಿರುತ್ತಿತ್ತು, ಮಳೆ ಬೆಳೆಯ ಮಾತು ಶುರುವಾಗಿರುತ್ತಿತ್ತು. ಈಗ ಹೆಸರು ಮುಂಚೆ, ಮನುಷ್ಯ ಆಮೇಲೆ. 2018ರ ಏಪ್ರಿಲಿನಲ್ಲಿ ಲಖನೌದ ಒಬ್ಬಾತ ಚಾಲಕ ಮುಸ್ಲಿಮನೆಂಬ ಒಂದೇ ಕಾರಣಕ್ಕೆ ಓಲಾ ಟ್ಯಾಕ್ಸಿಯನ್ನು ರದ್ದು ಮಾಡಿ, ಅದನ್ನು ಸಾಹಸವೆಂಬಂತೆ ಜಗತ್ತಿಗೆ ಸಾರಿಕೊಂಡ. ಚಾಲಕರಲ್ಲೂ ಗ್ರಾಹಕರಲ್ಲೂ ಜಾತಿ ಧರ್ಮಗಳ ಭೇದ ಮಾಡುವುದಿಲ್ಲ ಎಂದು ಆ ಕಂಪನಿ ಉತ್ತರಿಸಿತು. ನಾಲ್ಕು ವರ್ಷಗಳ ಬಳಿಕ, 2022ರ ಏಪ್ರಿಲಿನಲ್ಲಿ, ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬೇಡಿ ಎಂಬ ಗದ್ದಲ ರಾಜ್ಯದಲ್ಲಿ ಎದ್ದಿದ್ದ ಹೊತ್ತಿಗೇ, ತೀರ್ಥಯಾತ್ರೆಗೆ ಮುಸ್ಲಿಂ ಚಾಲಕರ ವಾಹನ ಹತ್ತಬೇಡಿ ಎಂಬ ಕರೆ ಬೆಂಗಳೂರಿನಲ್ಲೇ ಕೇಳಿಬಂತು. ಧರ್ಮಸ್ಥಳಕ್ಕೂ ತಿರುಪತಿಗೂ ದಶಕಗಳ ಕಾಲ ಯಾತ್ರಿಕರನ್ನು ಒಯ್ದು, ದರ್ಶನ ಮುಗಿಯುವ ತನಕ ಗಾಡಿಯಲ್ಲೇ ನಿದ್ದೆಗೆಟ್ಟು ಕಾದ ಚಾಲಕರ ಊರಿದು. ಕರೆಗೆ ಜನ ಅಷ್ಟಾಗಿ ಕಿವಿಗೊಡಲಿಲ್ಲ ಎಂಬ ಸಮಾಧಾನ ನಮಗಿರಲಿ. ಆದರೆ ಪರದೆಯ ಮೇಲೆ ಹೆಸರು ನೋಡಿ ಸದ್ದಿಲ್ಲದೆ ರದ್ದು ಮಾಡುವವನಿಗೆ ಯಾವ ಕರೆಯೂ ಬೇಕಿಲ್ಲ, ಅವನ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ವ್ಯಕ್ತಿಗೆ ಹೆಸರಿದ್ದಂತೆ ಬಡಾವಣೆಗೂ ಹೆಸರಿದೆ. 2020ರ ಏಪ್ರಿಲಿನಲ್ಲಿ ಕೋವಿಡ್ ಕ್ವಾರಂಟೈನಿನ ಹೊತ್ತಿನ ಗಲಾಟೆಯಾದ ಮೇಲೆ ಪಾದರಾಯನಪುರ ಎಂಬ ಹೆಸರನ್ನು ಟಿ.ವಿ. ಚಾನೆಲ್‌ಗಳು ದಿನಗಟ್ಟಲೆ ಬೈಗುಳದಂತೆ ಬಳಸಿದವು. ಆ ರಾತ್ರಿ ಕಾನೂನು ಮುರಿದವರ ಮೇಲೆ ಕೇಸಾಯಿತು, ಆಗಬೇಕಾದದ್ದೇ. ಆದರೆ ಆ ರಾತ್ರಿ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದವರೂ ಇಂದಿಗೂ ‘ಅಲ್ಲಿಗೆ ಬರಲ್ಲ’ ಎಂಬ ಉತ್ತರ ಕೇಳಬೇಕೆ?

ಈ ‘ಅಲ್ಲಿ’ ಎಷ್ಟು ದೂರ ಹೋಗಬಲ್ಲದೆಂದು 2024ರಲ್ಲಿ ದೇಶವೇ ನೋಡಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ವಿಚಾರಣೆಯೊಂದರ ನಡುವೆ, ಮೈಸೂರು ರಸ್ತೆಯ ಮೇಲ್ಸೇತುವೆ ಕಡೆ ಹೋಗಿ ನೋಡಿ, ಒಂದೊಂದು ಆಟೋದಲ್ಲಿ ಹತ್ತು ಹತ್ತು ಜನ ಇರುತ್ತಾರೆ, ಅಲ್ಲಿ ಕಾನೂನು ಅನ್ವಯಿಸುವುದಿಲ್ಲ, ಗೋರಿಪಾಳ್ಯ ಇರುವುದು ಪಾಕಿಸ್ತಾನದಲ್ಲಿ ಎಂಬರ್ಥದ ಮಾತಾಡಿದರು. ಸೆಪ್ಟೆಂಬರಿನಲ್ಲಿ ಅದರ ವಿಡಿಯೊ ಹರಡಿತು. ಅವರು ತೆರೆದ ನ್ಯಾಯಾಲಯದಲ್ಲಿ ವಿಷಾದ ಸೂಚಿಸಿದರು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು, ಭಾರತದ ನೆಲದ ಯಾವ ಭಾಗವನ್ನೂ ಯಾರೂ ಪಾಕಿಸ್ತಾನವೆಂದು ಕರೆಯುವಂತಿಲ್ಲ ಎಂದು ಹೇಳಿ, ವಿಷಾದವನ್ನು ಒಪ್ಪಿ, ಸೆಪ್ಟೆಂಬರ್ 25ರಂದು ಪ್ರಕರಣ ಮುಗಿಸಿತು. ಪಾಕಿಸ್ತಾನದ ಮಾತಿಗೆ ಉತ್ತರ ಸಿಕ್ಕಿತು. ಆಟೋದ ಮಾತಿಗೆ ಸಿಗಲಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ನನಗೆ ಮುಖ್ಯವೆನಿಸುವುದು ಆ ಆಟೋ.

ಮೂವರು ಕೂರಬೇಕಾದ ಆಟೋದಲ್ಲಿ ಹತ್ತು ಮಂದಿ ಕೂರುವುದು ಅಪಾಯ, ಅಪರಾಧ. ದಂಡ ಹಾಕಿ, ಯಾರೂ ಬೇಡವೆನ್ನುವುದಿಲ್ಲ. ಶಾಲೆಯ ಮಕ್ಕಳನ್ನು ಚೀಲಗಳ ಸಮೇತ ತುಂಬಿಕೊಂಡು ಹೋಗುವ ಆಟೋಗಳು ಈ ನಗರದ ಯಾವ ಬಡಾವಣೆಯಲ್ಲಿಲ್ಲ? ಅವನ್ನು ಕಂಡಾಗ ನಮಗೆ ಅಯ್ಯೋ ಮಕ್ಕಳೇ ಅನ್ನಿಸುತ್ತದೆ, ಇನ್ನೊಂದು ದೇಶದ ನೆನಪಾಗುವುದಿಲ್ಲ. ಮೈಸೂರು ರಸ್ತೆಯ ಶೇರ್ ಆಟೋದಲ್ಲಿ ಯಾರಿರುತ್ತಾರೆ? ಹೂವಿನ ಮಾರುಕಟ್ಟೆಗೆ ಹೊರಟ ಹಮಾಲಿ, ಊದುಬತ್ತಿ ಹೊಸೆದ ಕಟ್ಟನ್ನು ಒಪ್ಪಿಸಲು ಹೊರಟ ಹೆಂಗಸು, ಆಸ್ಪತ್ರೆಯ ಆಯಾ, ಗ್ಯಾರೇಜಿನ ಹುಡುಗ. ತೊಂಬತ್ತು ರೂಪಾಯಿಯನ್ನು ಒಬ್ಬರೇ ಕೊಡಲಾಗದವರು ಹಂಚಿಕೊಂಡು ಕೊಡುತ್ತಾರೆ. ಮೆಟ್ರೊ ಬಳಸಿ ಹೋದ, ಒಳಬೀದಿಗಳಿಗೆ ಬಸ್ಸು ನುಗ್ಗಲಾಗದ ಒಂದು ಭಾಗ ತಾನೇ ಕಟ್ಟಿಕೊಂಡ ಸಾರಿಗೆ ಅದು. ಮೊದಲು ಬಸ್ಸು ಕೊಡದೆ ಇರುವುದು, ಆಮೇಲೆ ಬಸ್ಸಿಲ್ಲದವರು ಮಾಡಿಕೊಂಡ ಏರ್ಪಾಡನ್ನು ತೋರಿಸಿ ನೋಡಿ ಇವರ ಅನಾಗರಿಕತೆ ಎನ್ನುವುದು, ಕೊನೆಗೆ ಆ ಅನಾಗರಿಕತೆಗೆ ಒಂದು ಧರ್ಮವನ್ನು ಅಂಟಿಸುವುದು! ಸಾರಿಗೆ ಸಮಸ್ಯೆಯೊಂದು ದೇಶದ್ರೋಹವಾಗಿ ಬೆಳೆಯುವ ಬಗೆ ಇದು.

ಆ ಮೇಲ್ಸೇತುವೆಯನ್ನೂ ಒಮ್ಮೆ ನೋಡಿ. 1999ರಲ್ಲಿ ತೆರೆದ, ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿನ ಆ ಸೇತುವೆ ಟೌನ್‌ಹಾಲ್ ಕಡೆಯಿಂದ ಮಾರುಕಟ್ಟೆಯ ತಲೆಯ ಮೇಲೆ ಹಾದು ಸಿರ್ಸಿ ವೃತ್ತದ ತನಕ ಎರಡೂವರೆ ಕಿಲೋಮೀಟರಿಗೂ ಮಿಕ್ಕಿ ಚಾಚಿದೆ. ಕಾರಿನವರಿಗೆ ಬಹಳ ಅನುಕೂಲ. ಆದರೆ ಇಪ್ಪತ್ತೈದು ವರ್ಷಗಳಿಂದ ಈ ಊರಿನ ಒಂದು ವರ್ಗ ಈ ಬೀದಿಗಳನ್ನು ಮೇಲಿನಿಂದ, ಗಾಜೇರಿಸಿ, ನಲವತ್ತರ ವೇಗದಲ್ಲಿ ಮಾತ್ರ ನೋಡಿದೆ. ಕೆಳಗಿಳಿದು ಒಂದು ಟೀ ಕುಡಿದಿಲ್ಲ. ಊರು ಗೊತ್ತಿಲ್ಲದವನೆಂದು ನಾವು ಬಸ್ಸಿಳಿದ ಹಳ್ಳಿಗನನ್ನು ಕರೆಯುತ್ತೇವೆ. ಬಸವನಗುಡಿಯಲ್ಲೋ ಸದಾಶಿವನಗರದಲ್ಲೋ ಹುಟ್ಟಿ ಬೆಳೆದು ಜೆ.ಜೆ. ನಗರದ ಒಳಬೀದಿ ಯಾವ ದಿಕ್ಕಿಗಿದೆಯೆಂದು ತಿಳಿಯದವನನ್ನು ಏನೆಂದು ಕರೆಯೋಣ?

ಚಾಲಕರ ವಿಷಯದಲ್ಲಿ ನಮ್ಮವರಿಗೂ ಒಂದಿಷ್ಟು ಹೇಳುವುದಿದೆ. ಈ ಭಾಗದ ಆಟೋ, ಟ್ಯಾಕ್ಸಿ ಚಾಲಕರಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಗಾಡಿಯ ಬಾಡಿಗೆ, ಬ್ಯಾಂಕಿನ ಕಂತು, ಗ್ಯಾಸಿನ ದರ, ಆ್ಯಪ್ ಕಂಪನಿಯ ಕಮಿಷನ್ನು ಅವರನ್ನು ಹಿಂಡುತ್ತಿರುವುದು ಸುಳ್ಳಲ್ಲ. ಆ ಕಮಿಷನ್ನಿಗೆ ಬೇಸತ್ತೇ 2022ರ ಕೊನೆಯಲ್ಲಿ ಚಾಲಕರ ಸಂಘದ ಒತ್ತಾಸೆಯಿಂದ ‘ನಮ್ಮ ಯಾತ್ರಿ’ ಶುರುವಾದದ್ದು. ಆದರೆ ಆಸ್ಪತ್ರೆಗೆ ಹೊರಟ ಅಪರಿಚಿತನಿಂದ ಮೂರು ಪಟ್ಟು ಕಿತ್ತುಕೊಳ್ಳಲು ಯಾವ ಕಂತೂ ನೆಪವಾಗದು. ಅಳತೆ ತೂಕಗಳಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಆಟೋದ ಮೀಟರು ತಕ್ಕಡಿಯಲ್ಲದೆ ಇನ್ನೇನು? ಝಕಾತಿಗೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಊರಲ್ಲಿ ಅವನು ಸಿರಿವಂತನೇ ಇರಬಹುದು, ದಾರಿಯಲ್ಲಿ ಕಷ್ಟಕ್ಕೆ ಸಿಕ್ಕಿದನೆಂದರೆ ಅವನಿಗೆ ಪಾಲುಂಟು. ಇದನ್ನು ಜುಮಾ ದಿನ ಕೇಳಿಸಿಕೊಂಡು, ಶನಿವಾರ ಬೆಳಗಿನ ಜಾವ ಸ್ಯಾಟಲೈಟ್ ಬಾಗಿಲಲ್ಲಿ ಮರೆಯುವುದಾದರೆ ಹೇಗೆ?

ಹಾಗೆಂದು ಇಡೀ ಹೊರೆಯನ್ನು ಚಾಲಕರ ಸಜ್ಜನಿಕೆಯ ಮೇಲೆ ಹೊರಿಸಿ ಸರ್ಕಾರವನ್ನು ಬಿಟ್ಟುಬಿಡಲಾಗದು. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಹತ್ತಿರ ಪ್ರಯಾಣಿಕರಿಗೆಂದು ಛತ್ರ ಕಟ್ಟಿಸಿದಾಗ ಅವರ ಮುಂದೆ ಯಾವ ಸ್ಮಾರ್ಟ್ ಸಿಟಿ ವರದಿಯೂ ಇರಲಿಲ್ಲ. ರೈಲಿಳಿದವನಿಗೆ ಮೊದಲು ಬೇಕಾದದ್ದು ಏನೆಂದು ಒಬ್ಬ ವರ್ತಕನಿಗೆ ತಿಳಿದಿತ್ತು. ಇಷ್ಟು ದೊಡ್ಡ ಸಾರಿಗೆ ಇಲಾಖೆಗೆ ಅದು ತಿಳಿಯದೆ?

ಪೊಲೀಸರ ಉಸ್ತುವಾರಿಯ ಪ್ರೀಪೇಯ್ಡ್ ಆಟೋ ಕೌಂಟರು ಬೆಂಗಳೂರಿಗೆ ಹೊಸದೇನಲ್ಲ, ರೈಲು ನಿಲ್ದಾಣದ ಮುಂದೆ ಜನ ಅದನ್ನು ಕಂಡಿದ್ದಾರೆ. ಹೊರ ಊರಿನ ಬಸ್ಸು ಬರುವ ಪ್ರತಿ ನಿಲ್ದಾಣದಲ್ಲೂ ಅದು ರಾತ್ರಿಯಿಡೀ ತೆರೆದಿರಬೇಕು. ಚೀಟಿಯಲ್ಲಿ ಚಾಲಕನ ಹೆಸರಿನ ಬದಲು ಗಾಡಿಯ ನಂಬರು ಮತ್ತು ದರ ಇದ್ದರೆ ಸಾಕು. ಬಾಗಿಲಲ್ಲಿ ಆಳೆತ್ತರದ ಫಲಕವೊಂದು ಬೇಕು. ವಿಕ್ಟೋರಿಯಾಕ್ಕೆ ಎಷ್ಟು ದೂರ, ಮೀಟರಿನಲ್ಲಿ ಹಗಲಿಗೆಷ್ಟು ರಾತ್ರಿಗೆಷ್ಟು, ಯಾವ ನಂಬರಿನ ಬಸ್ಸು, ಅದು ನಿಲ್ಲುವುದು ರಸ್ತೆಯ ಯಾವ ಬದಿಯಲ್ಲಿ ಎಂಬುದನ್ನು ಕನ್ನಡದಲ್ಲಿ, ಕನ್ನಡ ಓದಲು ಬಾರದವರಿಗೆ ಚಿತ್ರದಲ್ಲಿ, ಜೊತೆಗೆ ಉರ್ದು, ಮಲಯಾಳಂ, ತಮಿಳಿನಲ್ಲೂ ಅದು ಹೇಳಬೇಕು. ಇ-ಟೆಂಡರು, ಸಲಹೆಗಾರರು, ಆ್ಯಪ್ ಯಾವುದೂ ಬೇಡ. ಒಂದು ತಗಡು, ನಾಲ್ಕು ಡಬ್ಬಿ ಬಣ್ಣ, ಒಬ್ಬ ಬರಹಗಾರ. ಇನ್ನು ಬೆಳಗಿನ ಜಾವ ಮೂರೂವರೆಯಿಂದ ಮೆಟ್ರೊ ಬಾಗಿಲು ತೆರೆಯುವವರೆಗೆ ಸ್ಯಾಟಲೈಟ್ ಮತ್ತು ವಿಕ್ಟೋರಿಯಾ ನಡುವೆ ಎರಡು ಮಿನಿ ಬಸ್ಸು ಓಡಲಿ. ಬಾಪೂಜಿನಗರ, ಪಾದರಾಯನಪುರ, ಜೆ.ಜೆ. ನಗರ, ಗೋರಿಪಾಳ್ಯಗಳಲ್ಲಿ ನಿಂತು, ಮೇಲ್ಸೇತುವೆ ಹತ್ತದೆ, ಕೆಳಗಿನ ರಸ್ತೆಯಲ್ಲೇ ಹೋಗಲಿ.